ಅಂಬರೀಶ್: ಅಭಿಮಾನದ ಮತ, ಹಾಜರಿಯ ಲೆಕ್ಕ

ಮುಂಬಯಿಯಲ್ಲಿ ದುಡಿಯುವ ಕೆ.ಆರ್. ಪೇಟೆ, ನಾಗಮಂಗಲ ಕಡೆಯ ಬಂಧುಗಳ ಮುಂದೆ ಅಂಬರೀಶ್ ಹೆಸರೆತ್ತಿದರೆ ಸಾಕು, ‘ನಮ್ಮ ಅಂಬಿ ಅಣ್ಣ’ ಎಂದೇ ಮಾತು ಶುರುವಾಗುತ್ತದೆ. ಮನಸ್ಸು ಚಿನ್ನದಂಥದು ಎನ್ನುವವರೇ, ಕೆಲಸಕ್ಕೆಂದು ಹೋದರೆ ಕೈಗೆ ಸಿಗುತ್ತಿರಲಿಲ್ಲ ಎಂದೂ ಹೇಳುತ್ತಾರೆ. ಅವರ ರಾಜಕೀಯ ಜೀವನದ ಸಾರಾಂಶ ಇದೇ ಎಂದರೆ ತಪ್ಪಾಗಲಾರದು.

ಮದ್ದೂರು ತಾಲೂಕು ದೊಡ್ಡರಸಿನಕೆರೆಯ ಅಮರನಾಥ್ ಪಿಟೀಲು ವಿದ್ವಾನ್ ಟಿ. ಚೌಡಯ್ಯ ಅವರ ಮೊಮ್ಮಗ. 1972ರಲ್ಲಿ ಪುಟ್ಟಣ್ಣ ಕಣಗಾಲ್ ಅವರ ‘ನಾಗರಹಾವು’ ಚಿತ್ರದ ಜಲೀಲನಾಗಿ ಬೆಳ್ಳಿತೆರೆಗೆ ಬಂದು, 1981ರ ‘ಅಂತ’ದಿಂದ ರೆಬೆಲ್ ಸ್ಟಾರ್ ಆದರು. ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದರು. 1998ರಲ್ಲಿ ಜನತಾದಳದಿಂದ, 1999 ಮತ್ತು 2004ರಲ್ಲಿ ಕಾಂಗ್ರೆಸ್‌ನಿಂದ ಮಂಡ್ಯದ ಸಂಸದರಾದರು. ಪಕ್ಷ ಬದಲಾದರೂ ಮತದಾರರು ಬದಲಾಗಲಿಲ್ಲ.

ಕಾವೇರಿಗಾಗಿ ಬಿಟ್ಟ ಕುರ್ಚಿ

2006ರ ಅಕ್ಟೋಬರಿನಲ್ಲಿ ಅವರು ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ರಾಜ್ಯ ಸಚಿವರಾದರು. ನಾಲ್ಕು ತಿಂಗಳಾಗುವಷ್ಟರಲ್ಲಿ, 2007ರ ಫೆಬ್ರವರಿ 5ರಂದು ಕಾವೇರಿ ನ್ಯಾಯಮಂಡಳಿಯ ಅಂತಿಮ ತೀರ್ಪು ಬಂತು. ತಮಿಳುನಾಡಿಗೆ 419 ಟಿಎಂಸಿ, ಕರ್ನಾಟಕಕ್ಕೆ 270 ಟಿಎಂಸಿ. ಅಂಬರೀಶ್ ರಾಜೀನಾಮೆ ಕೊಟ್ಟರು. ಆದರೆ ಸಚಿವ ಸ್ಥಾನದ ರಾಜೀನಾಮೆ ಅಂಗೀಕಾರವಾದದ್ದು ಸುಮಾರು ಒಂದು ವರ್ಷದ ನಂತರ. ಸಂಸದ ಸ್ಥಾನವಂತೂ ಅವಧಿ ಮುಗಿಯುವವರೆಗೂ ಉಳಿಯಿತು. ನಾಟಕವೆಂದವರೂ ಇದ್ದರು, ತ್ಯಾಗವೆಂದವರೂ ಇದ್ದರು. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿಸಿದ್ದನ್ನು ನೋಡಿದರೆ ಅವರ ಸಿಟ್ಟಿಗೆ ಕಾರಣವಿಲ್ಲದೆ ಇರಲಿಲ್ಲ.

ಆದರೂ 2008ರಲ್ಲಿ ಶ್ರೀರಂಗಪಟ್ಟಣ ವಿಧಾನಸಭೆಗೂ, 2009ರಲ್ಲಿ ಮಂಡ್ಯ ಲೋಕಸಭೆಗೂ ನಿಂತು ಸೋತರು. 2013ರಲ್ಲಿ ಮಂಡ್ಯದ ಶಾಸಕರಾಗಿ ವಸತಿ ಸಚಿವರಾದರು. 2014ರಲ್ಲಿ ಸಿಂಗಾಪುರದಲ್ಲಿ ಚಿಕಿತ್ಸೆ ಪಡೆಯಬೇಕಾಯಿತು. ಕ್ಷೇತ್ರಕ್ಕೂ ಇಲಾಖೆಗೂ ಸಮಯ ಕೊಡುತ್ತಿಲ್ಲವೆಂಬ ದೂರು ಬೆಳೆಯಿತು. 2016ರ ಜೂನಿನಲ್ಲಿ ಸಂಪುಟದಿಂದ ಕೈಬಿಟ್ಟಾಗ ಮುನಿದು ಶಾಸಕ ಸ್ಥಾನಕ್ಕೆ ರಾಜೀನಾಮೆ ಕಳುಹಿಸಿದರು, ಅದೂ ಅಂಗೀಕಾರವಾಗಲಿಲ್ಲ. 2018ರಲ್ಲಿ ಪಕ್ಷ ಟಿಕೆಟ್ ಕೊಟ್ಟರೂ ಸ್ಪರ್ಧಿಸಲಿಲ್ಲ. ನನ್ನಂಥ ಗುಮಾಸ್ತನಿಗೆ ಅವರ ನಿರ್ಧಾರಗಳಲ್ಲಿ ಇದೇ ಅತ್ಯಂತ ಪ್ರಾಮಾಣಿಕವಾದುದೆನಿಸುತ್ತದೆ.

ಅದೇ ವರ್ಷ ನವೆಂಬರ್ 24ರಂದು ಅವರು ನಿಧನರಾದರು. ಪಾರ್ಥಿವ ಶರೀರವನ್ನು ಹೆಲಿಕಾಪ್ಟರ್‌ನಲ್ಲಿ ಮಂಡ್ಯಕ್ಕೆ ಒಯ್ದಾಗ ನೆರೆದ ಜನಸಾಗರ ಯಾವ ದೂರನ್ನೂ ನೆನೆಯಲಿಲ್ಲ. 2019ರಲ್ಲಿ ಪತ್ನಿ ಸುಮಲತಾ ಪಕ್ಷೇತರರಾಗಿ 1,25,876 ಮತಗಳ ಅಂತರದಿಂದ ಗೆದ್ದದ್ದರಲ್ಲಿ ಆ ಪ್ರೀತಿಯ ಪಾಲು ದೊಡ್ಡದು.

ನಮಗೂ ಪಾಠ

ಬ್ಯಾಂಕಿನಲ್ಲಿ ಎಷ್ಟೇ ಒಳ್ಳೆಯವರಾದರೂ ಕೌಂಟರ್ ಖಾಲಿಯಿದ್ದರೆ ಗ್ರಾಹಕರ ಕೆಲಸ ಆಗುವುದಿಲ್ಲ. ನಮ್ಮ ಸಂಘಗಳಲ್ಲೂ ಹೆಸರು ನೋಡಿ ಅಧ್ಯಕ್ಷರನ್ನು ಆರಿಸುತ್ತೇವೆ. ವರ್ಷವಿಡೀ ಕುರ್ಚಿ ಖಾಲಿಯಿದ್ದರೆ ಅವರನ್ನೇ ದೂರುತ್ತೇವೆ. ಅಂಬರೀಶ್ ಅವರನ್ನು ಮಂಡ್ಯ ಪ್ರೀತಿಸಿದ್ದು ತಪ್ಪಲ್ಲ. ಆದರೆ ಮತ ಕೊಡುವಾಗ ‘ನಮಗೆ ಎಷ್ಟು ದಿನ ಕೊಡುತ್ತೀರಿ?’ ಎಂದು ಒಂದು ಮಾತು ಕೇಳಿಕೊಂಡಿದ್ದರೆ, ಅವರಿಗೂ ಒಳ್ಳೆಯದಿತ್ತು, ಮಂಡ್ಯಕ್ಕೂ ಒಳ್ಳೆಯದಿತ್ತು.