ಹರ್ನಿಯಾಗೆ ಸೊಳ್ಳೆ ಪರದೆಯ ತೇಪೆ

ತೊಡೆಸಂದಿನಲ್ಲಿ ಹೊಟ್ಟೆಯ ಗೋಡೆ ಸಡಿಲಾದರೆ ಕರುಳು ಅಲ್ಲಿಂದ ಹೊರಕ್ಕೆ ಉಬ್ಬುತ್ತದೆ. ಅದೇ ಹರ್ನಿಯಾ. ಹಿಂದೆಲ್ಲ ಅಕ್ಕಪಕ್ಕದ ಸ್ನಾಯುಗಳನ್ನೇ ಎಳೆದು ಹೊಲಿಯುತ್ತಿದ್ದರು. ಬಿಗಿದ ಹೊಲಿಗೆ ನೋಯುತ್ತಿತ್ತು, ಎಷ್ಟೋ ಜನರಿಗೆ ಉಬ್ಬು ಮತ್ತೆ ಕಾಣಿಸಿಕೊಳ್ಳುತ್ತಿತ್ತು. 1980ರ ದಶಕದಲ್ಲಿ ಅಮೆರಿಕದ ಇರ್ವಿಂಗ್ ಲಿಕ್ಟೆನ್‌ಸ್ಟೈನ್ ಎಳೆಯುವುದನ್ನೇ ಬಿಟ್ಟು, ಆ ಜಾಗಕ್ಕೆ ಪ್ಲಾಸ್ಟಿಕ್ ಎಳೆಗಳ ಬಲೆ, ಅಂದರೆ ಮೆಶ್ ಕೂರಿಸುವ ಪದ್ಧತಿಯನ್ನು ರೂಢಿಗೆ ತಂದರು. ಮೆಶ್‌ನ ಕಣ್ಣುಗಳ ನಡುವೆ ದೇಹದ ಅಂಗಾಂಶ ಬೆಳೆದು ಗೋಡೆ ಗಟ್ಟಿಯಾಗುತ್ತದೆ.

ಆದರೆ ಆ ಮೆಶ್ ಬಡವರ ಕೈಗೆಟುಕುತ್ತಿರಲಿಲ್ಲ. ಮಹಾರಾಷ್ಟ್ರದ ದೊಂಡಾಯಿಚಾ ಎಂಬ ಊರಿನ ಸರ್ಜನ್ ರವೀಂದ್ರನಾಥ ಟೋಂಗಾವ್ಕರ್ ಸೊಳ್ಳೆ ಪರದೆಯ ಬಟ್ಟೆಯನ್ನೇ ಕತ್ತರಿಸಿ ಬಳಸಿದರು. ಅವರೂ ಸಂಗಡಿಗರೂ 359 ಹರ್ನಿಯಾಗಳ ಅನುಭವವನ್ನು 2003ರಲ್ಲಿ ಪ್ರಕಟಿಸಿದರು. ನಮ್ಮ ದೇಶದ ಸಣ್ಣ ಊರೊಂದರಿಂದ ಬಂದ ಈ ಕೆಲಸಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ ಎಂಬುದು ನನ್ನ ಅನಿಸಿಕೆ.

ಅನುಭವ ಎಷ್ಟೇ ದೊಡ್ಡದಿದ್ದರೂ ವೈದ್ಯಲೋಕ ಹೋಲಿಕೆಯ ಪರೀಕ್ಷೆ ಕೇಳುತ್ತದೆ, ಕೇಳಲೇಬೇಕು. ಅದು ನಡೆದದ್ದು ಉಗಾಂಡದ ಕಮುಲಿಯಲ್ಲಿ. ಸ್ವೀಡನ್ ಮತ್ತು ಉಗಾಂಡದ ಸಂಶೋಧಕರು 302 ಗಂಡಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕಂಪನಿ ಮೆಶ್. ಇನ್ನೊಂದಕ್ಕೆ ಕೀಟನಾಶಕ ಲೇಪಿಸದ, ಹಬೆಯಲ್ಲಿ ಕ್ರಿಮಿಶುದ್ಧ ಮಾಡಿದ ಸೊಳ್ಳೆ ಪರದೆಯ ತುಂಡು. ಬರೀ ಆ ಜಾಗವನ್ನು ಮರಗಟ್ಟಿಸಿ ಆಪರೇಷನ್ ಮಾಡಿದರು. ತನ್ನೊಳಗೆ ಯಾವುದಿದೆ ಎಂದು ರೋಗಿಗೂ ಗೊತ್ತಿಲ್ಲ, ನಂತರ ತಪಾಸಣೆ ಮಾಡಿದವರಿಗೂ ಗೊತ್ತಿಲ್ಲ. ಫಲಿತಾಂಶ 2016ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ವರ್ಷದೊಳಗೆ ಹರ್ನಿಯಾ ಮರುಕಳಿಸಿದ್ದು ಪರದೆಯ ಗುಂಪಿನ ಒಬ್ಬರಿಗೆ ಮಾತ್ರ. ಊತ, ಸೋಂಕಿನಂಥ ತೊಂದರೆಗಳು ಎರಡೂ ಕಡೆ ಶೇ 30ರ ಆಸುಪಾಸು. ಬೆಲೆಯಲ್ಲಿ ಮಾತ್ರ ಅಜಗಜಾಂತರ: ಕಂಪನಿಯದಕ್ಕೆ ಸುಮಾರು 125 ಡಾಲರ್, ಪರದೆಯ ತುಂಡಿಗೆ ಸುಮಾರು 1 ಡಾಲರ್.

ಒಂದು ವರ್ಷದ ನಿಗಾ ಸಾಲದು, ನಿಜ. ಹರ್ನಿಯಾ ಹತ್ತು ವರ್ಷದ ಮೇಲೂ ಮರುಕಳಿಸಬಹುದು. ಮನೆಯ ಪರದೆಯನ್ನು ಕತ್ತರಿಸಿ ತರುವ ಮಾತಂತೂ ಅಲ್ಲವೇ ಅಲ್ಲ. ಎಳೆ ಯಾವುದು, ಎಷ್ಟು ಶಾಖ ತಾಳುತ್ತದೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಆದರೂ ದುಬಾರಿ ಮೆಶ್ ಇಲ್ಲವೆಂದು ಬಡವನಿಗೆ ಹಳೆಯ ಹೊಲಿಗೆಯೇ ಸಾಕು ಅನ್ನುವ ವಾದ ಇನ್ನು ನಿಲ್ಲದು.

ನಾಚಿಕೆಗೋ ಖರ್ಚಿಗೋ ಹೆದರಿ ಉಬ್ಬನ್ನು ಪಂಚೆಯೊಳಗೆ ಮುಚ್ಚಿಟ್ಟುಕೊಂಡವರು ನಮ್ಮಲ್ಲೂ ಇದ್ದಾರೆ. ಅಂಥವರು ಮನೆಯಲ್ಲಿದ್ದರೆ ಸರ್ಜನ್‌ಗೆ ತೋರಿಸಿ. ಉಬ್ಬು ಗಟ್ಟಿಯಾಗಿ ಒಳಕ್ಕೆ ಹೋಗದೆ ನೋವು, ವಾಂತಿ ಶುರುವಾದರೆ ಬೆಳಗಾಗಲಿ ಎಂದು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.