ಐಸ್‌ಲೆಂಡಿನ ಕರುಳಬಳ್ಳಿ

ಕಳೆದ ವರ್ಷ ನಮ್ಮ ಕಾಲೇಜಿನ ಇತಿಹಾಸ ಸಂಘದ ಸಭೆಯೊಂದರಲ್ಲಿ ನಾನು ಒಂದು ಸಂಗತಿಯನ್ನು ಬಹಳ ಉತ್ಸಾಹದಿಂದ ಹೇಳಿದೆ. ಕೊಲಂಬಸನು ಅಮೆರಿಕವನ್ನು ಕಾಣುವುದಕ್ಕೆ ಸುಮಾರು ಐನೂರು ವರ್ಷ ಮೊದಲೇ ಉತ್ತರದೇಶದ ನಾವಿಕರು ಆ ಖಂಡದಿಂದ ಒಬ್ಬ ಹೆಣ್ಣುಮಗಳನ್ನು ಐಸ್‌ಲೆಂಡಿಗೆ ಕರೆತಂದರು. ಅವಳ ಸಂತತಿಯವರು ಇಂದಿಗೂ ಆ ದ್ವೀಪದಲ್ಲಿದ್ದಾರೆ. ಅವರ ಮೈಯ ಕಣಕಣವೂ ಇದಕ್ಕೆ ಸಾಕ್ಷಿ ಎಂಬುದೇ ಆ ಸಂಗತಿ. ಸಭೆಯು ಚಪ್ಪಾಳೆ ತಟ್ಟಿತು. ಅಧ್ಯಕ್ಷತೆ ವಹಿಸಿದ್ದ ಅಧ್ಯಾಪಕರು ಮಾತ್ರ, “ಅವಳು ಅಲ್ಲಿಂದಲೇ ಬಂದಳೆಂದು ಹೇಳುವವರು ಯಾರಪ್ಪ?” ಎಂದು ಕೇಳಿ ಸುಮ್ಮನಾದರು. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಓದಿ ನೋಡಲಾಗಿ, ನಾನು ಹೇಳಿದ್ದರಲ್ಲಿ ಅರ್ಧ ನಿಜ, ಅರ್ಧ ಊಹೆ ಎಂದು ತಿಳಿಯಿತು. ಇವೆರಡನ್ನೂ ಬೇರೆ ಮಾಡಿ ಹೇಳುವುದು ಸಭೆಗೆ ನಾನು ಸಲ್ಲಿಸಬೇಕಾದ ಸಾಲ. ಅದನ್ನು ಇಲ್ಲಿ ತೀರಿಸಲು ಯತ್ನಿಸುತ್ತೇನೆ.

ಮೊದಲು ಸಾಕ್ಷಿ ಎಂತಹುದೆಂಬುದನ್ನು ನೋಡೋಣ. ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳ ನಡುವೆಯೂ ಒಂದು ಕೋಶಕೇಂದ್ರವುಂಟು. ತಂದೆತಾಯಿಗಳಿಬ್ಬರಿಂದಲೂ ಬಂದ ಡಿ.ಎನ್.ಎ. ಅಲ್ಲಿದೆ. ಅದರ ಬರಹ ಸುಮಾರು 300 ಕೋಟಿ ಅಕ್ಷರಗಳಷ್ಟು ಉದ್ದ. ಕೇಂದ್ರದ ಹೊರಗೆ, ಕೋಶಕ್ಕೆ ಶಕ್ತಿಯನ್ನು ಒದಗಿಸುವ ಮೈಟೊಕಾಂಡ್ರಿಯ ಎಂಬ ಪುಟ್ಟ ಅಂಗಗಳಿವೆ. ಇವುಗಳಿಗೆ ತಮ್ಮದೇ ಆದ ಬೇರೊಂದು ಡಿ.ಎನ್.ಎ. ಇದೆ. ಅದರಲ್ಲಿರುವುದು 16,569 ಅಕ್ಷರಗಳು ಮಾತ್ರ. ಇದನ್ನು ಪೂರ್ತಿಯಾಗಿ ಮೊದಲು ಓದಿದವರು 1981ರಲ್ಲಿ ಕೇಂಬ್ರಿಜ್ಜಿನ ವಿಜ್ಞಾನಿಗಳು. ಈ ಚಿಕ್ಕ ಬರಹದ ವಿಶೇಷವೇನೆಂದರೆ, ಮಗುವಿಗೆ ಇದು ತಾಯಿಯಿಂದ ಮಾತ್ರ ಬರುತ್ತದೆ. ತಂದೆಯ ಮೈಟೊಕಾಂಡ್ರಿಯಗಳು ಗರ್ಭಧಾರಣೆಯ ನಂತರ ನಾಶವಾಗುತ್ತವೆ.

ದಕ್ಷಿಣ ಕನ್ನಡದ ಅಳಿಯಸಂತಾನ ಕಟ್ಟಿನ ಮನೆತನಗಳನ್ನು ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾದೀತು. ಅಲ್ಲಿ ಬಳಿಯು ತಾಯಿಯಿಂದ ಬರುತ್ತದೆ. ಮಗನೂ ತಾಯಿಯ ಬಳಿಯವನೇ. ಆದರೆ ಅವನ ಮಕ್ಕಳು ಅವನ ಹೆಂಡತಿಯ ಬಳಿಗೆ ಸೇರುತ್ತಾರೆ. ಮೈಟೊಕಾಂಡ್ರಿಯದ ಡಿ.ಎನ್.ಎ. ನಡೆಯುವ ದಾರಿಯೂ ಇದೇ. ಗಂಡಸು ಅದನ್ನು ಹೊತ್ತಿರುತ್ತಾನೆ, ಮುಂದಕ್ಕೆ ದಾಟಿಸಲಾರ. ಮಗಳು, ಮಗಳ ಮಗಳು, ಅವಳ ಮಗಳು ಎಂದು ಸಾಗುವ ಈ ಸಂತತಿಯನ್ನು ನಾನು ಇಲ್ಲಿ ತಾಯಿಬಳ್ಳಿ ಎಂದು ಕರೆಯುತ್ತೇನೆ.

ಬಳ್ಳಿಗಳಲ್ಲಿ ಇದು ಅದು ಎಂಬ ಭೇದವನ್ನು ತಿಳಿಯುವುದು ಹೇಗೆ? ನಮ್ಮ ಕನ್ನಡ ವಿಭಾಗದವರಿಗೆ ಗ್ರಂಥಸಂಪಾದನೆಯ ರೀತಿ ಗೊತ್ತು. ಒಂದು ಕಾವ್ಯದ ಹತ್ತಾರು ಓಲೆಯ ಪ್ರತಿಗಳು ದೊರೆತಾಗ, ಸಂಪಾದಕರು ಲಿಪಿಕಾರರ ತಪ್ಪುಗಳನ್ನು ಹೋಲಿಸಿ ನೋಡುತ್ತಾರೆ. ಒಂದೇ ತಪ್ಪು ಎರಡು ಪ್ರತಿಗಳಲ್ಲಿದ್ದರೆ, ಅವೆರಡೂ ಒಂದೇ ಮಾತೃಪ್ರತಿಯಿಂದ ಹುಟ್ಟಿರಬಹುದೆಂದು ತರ್ಕಿಸುತ್ತಾರೆ. ಮೈಟೊಕಾಂಡ್ರಿಯದ ಬರಹವೂ ತಲೆಮಾರಿನಿಂದ ತಲೆಮಾರಿಗೆ ನಕಲಾಗುತ್ತ ಬರುತ್ತದೆ. ಬಹು ಅಪರೂಪಕ್ಕೆ ಒಂದು ಅಕ್ಷರ ತಪ್ಪಿಹೋಗುತ್ತದೆ. ಆ ತಪ್ಪು ಅವಳ ಮಗಳಂದಿರ ಸಂತತಿಯಲ್ಲೆಲ್ಲ ಉಳಿಯುತ್ತದೆ. ಹೀಗೆ ತಪ್ಪುಗಳನ್ನೇ ಗುರುತಾಗಿಟ್ಟುಕೊಂಡು ವಿಜ್ಞಾನಿಗಳು ಮಾನವಕುಲದ ತಾಯಿಬಳ್ಳಿಗಳನ್ನು ಕೊಂಬೆ, ಕವಲುಗಳಾಗಿ ವಿಂಗಡಿಸಿದ್ದಾರೆ. 1987ರಲ್ಲಿ ಅಲನ್ ವಿಲ್ಸನ್ನರೂ ಅವರ ಸಂಗಡಿಗರೂ 147 ಜನರ ಮೈಟೊಕಾಂಡ್ರಿಯವನ್ನು ಹೋಲಿಸಿ, ಎಲ್ಲ ಬಳ್ಳಿಗಳ ಬುಡವೂ ಸುಮಾರು ಎರಡು ಲಕ್ಷ ವರ್ಷಗಳ ಹಿಂದೆ ಆಫ್ರಿಕದಲ್ಲಿದ್ದ ಒಬ್ಬ ಸ್ತ್ರೀಯಲ್ಲಿ ಕೂಡುವುದೆಂದು ತೋರಿಸಿದ್ದು ಈ ರೀತಿಯಿಂದಲೇ.

ಈಗ ಐಸ್‌ಲೆಂಡಿಗೆ ಹೋಗೋಣ. ಉತ್ತರ ಅಟ್ಲಾಂಟಿಕ್ ಸಾಗರದ ಈ ದ್ವೀಪದಲ್ಲಿ ಜನ ನೆಲಸತೊಡಗಿದ್ದು ಕ್ರಿ. ಶ. 870ರ ಸುಮಾರಿಗೆ. ಬಂದ ಗಂಡಸರಲ್ಲಿ ಹೆಚ್ಚಿನವರು ನಾರ್ವೆ ಮುಂತಾದ ಸ್ಕ್ಯಾಂಡಿನೇವಿಯದ ನಾಡುಗಳವರು. ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸ್ಕಾಟ್ಲೆಂಡ್, ಐರ್ಲೆಂಡ್ ಮೊದಲಾದ ಬ್ರಿಟಿಷ್ ದ್ವೀಪಗಳವರು. ಐಸ್‌ಲೆಂಡಿನವರು ತಮ್ಮ ವಂಶಾವಳಿಯನ್ನು ಬರೆದಿಡುವುದರಲ್ಲಿ ಬಲು ಆಸಕ್ತರು. 1703ರಷ್ಟು ಹಿಂದೆಯೇ ದ್ವೀಪದ ಜನರನ್ನೆಲ್ಲ ಹೆಸರು ಹಿಡಿದು ಎಣಿಸಿದ್ದರು. ಆಗ ಅವರ ಸಂಖ್ಯೆ 50,358. ಈ ಬಗೆಯ ದಾಖಲೆಗಳನ್ನು ಕೂಡಿಸಿ, ರೇಕ್ಯಾವಿಕ್ ನಗರದ ಡಿಕೋಡ್ ಜೆನೆಟಿಕ್ಸ್ ಎಂಬ ಸಂಸ್ಥೆಯು ಇಡೀ ದೇಶದ ವಂಶಾವಳಿಯನ್ನೇ ಗಣಕಯಂತ್ರದಲ್ಲಿ ಸಂಗ್ರಹಿಸಿದೆ.

ಅಲ್ಲಿನ ಜನರ ತಾಯಿಬಳ್ಳಿಗಳನ್ನು ಪರೀಕ್ಷಿಸುತ್ತಿದ್ದಾಗ ಒಂದು ಬಳ್ಳಿ ಮಾತ್ರ ಗುಂಪಿಗೆ ಹೊಂದದೆ ಉಳಿಯಿತು. ಅದು ಸಿ-1 ಎಂಬ ಕೊಂಬೆಗೆ ಸೇರಿದ್ದು. ಸಿ-1 ಕೊಂಬೆಗೆ ಆಗ ಗೊತ್ತಿದ್ದ ಕವಲುಗಳು ನಾಲ್ಕು. ಒಂದು ಏಷ್ಯದ್ದು, ಉಳಿದ ಮೂರೂ ಅಮೆರಿಕದ ಮೂಲನಿವಾಸಿಗಳಲ್ಲಿ ಕಾಣುವಂಥವು. ಇದು ಇತ್ತೀಚೆಗೆ ಹೊರಗಿನಿಂದ ಬಂದು ಸೇರಿದ್ದಿರಬೇಕೆಂದು ಮೊದಲು ಎಲ್ಲರೂ ಭಾವಿಸಿದರು. ಆದರೆ ವಂಶಾವಳಿಯನ್ನು ಹಿಡಿದು ಹಿಂದೆ ಸರಿದಂತೆ, ಈ ಬಳ್ಳಿಯವರು ಸುಮಾರು 1710ರಿಂದ 1740ರೊಳಗೆ ಹುಟ್ಟಿದ ನಾಲ್ವರು ಸ್ತ್ರೀಯರ ಸಂತತಿಯೆಂದು ಕಂಡುಬಂತು. ಆ ನಾಲ್ವರ ನೆಲೆಯೂ ದಕ್ಷಿಣದಲ್ಲಿ ವಾತ್ನಯೋಕುಲ್ ಎಂಬ ಮಹಾ ಹಿಮರಾಶಿಯ ಆಸುಪಾಸು. ಸಿಗ್ರಿದುರ್ ಸುನ್ನಾ ಎಬೆನೆಸರ್ಸ್‌ದೊತ್ತಿರ್, ಆಗ್ನರ್ ಹೆಲ್ಗಸನ್ ಮೊದಲಾದವರು ಇವರ ಸಂತತಿಯ 11 ಜನರ ಮೈಟೊಕಾಂಡ್ರಿಯದ ಬರಹವನ್ನು ಪೂರ್ತಿ ಓದಿ, 2010ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಈ ಬಳ್ಳಿ ಐಸ್‌ಲೆಂಡಿಗೆ ತೀರ ತಡವಾಗಿ ಬಂದಿದ್ದರೂ 1700ಕ್ಕೆ ಮೊದಲೇ ಬಂದಿರಬೇಕು. ಬಹುಶಃ ಅದಕ್ಕೂ ಶತಮಾನಗಳ ಹಿಂದೆ.

ಸುದ್ದಿ ಲೋಕದಲ್ಲೆಲ್ಲ ಹರಡಿತು. ನಾನು ಸಭೆಯಲ್ಲಿ ಹೇಳಿದ ಕಥೆ ಹುಟ್ಟಿದ್ದು ಇಲ್ಲಿಂದಲೇ. ಆ ಕಥೆಗೆ ಆಧಾರವೇ ಇಲ್ಲವೆಂದು ಹೇಳುವಂತಿಲ್ಲ. ಐಸ್‌ಲೆಂಡಿನವರು ಹತ್ತನೆಯ ಶತಮಾನದ ಕೊನೆಯಲ್ಲಿ ಗ್ರೀನ್‌ಲೆಂಡಿನಲ್ಲಿ ನೆಲಸಿ, ಅಲ್ಲಿಂದ ಅಮೆರಿಕದ ತೀರಕ್ಕೆ ಹೋಗಿಬಂದದ್ದು ನಿಜ. 1960ರಲ್ಲಿ ಹೆಲ್ಗೆ ಇಂಗ್‌ಸ್ಟಾಡ್ ಎಂಬ ನಾರ್ವೆಯ ಅನ್ವೇಷಕರು ಕೆನಡದ ನ್ಯೂಫೌಂಡ್‌ಲೆಂಡಿನ ಲಾನ್ಸ್ ಓ ಮೆಡೋಸ್ ಎಂಬಲ್ಲಿ ಅವರ ಬೀಡಿನ ಕುರುಹುಗಳನ್ನು ಕಂಡರು. ಅವರ ಪತ್ನಿ, ಪುರಾತತ್ತ್ವಜ್ಞೆ ಆನೆ ಸ್ಟೀನೆ ಇಂಗ್‌ಸ್ಟಾಡ್ ಅದನ್ನು ಉತ್ಖನನ ಮಾಡಿಸಿದರು. ಅಲ್ಲಿ ಲೋಹದ ಆಯುಧದಿಂದ ಕಡಿದ ಮರದ ತುಂಡುಗಳು ದೊರೆತಿದ್ದವು. 993ನೆಯ ಇಸವಿಯ ಒಂದು ಸೌರಪ್ರಕೋಪದ ಗುರುತು ಆ ಮರದ ಉಂಗುರಗಳಲ್ಲಿ ಉಳಿದಿತ್ತು. ಅಲ್ಲಿಂದ ತೊಗಟೆಯವರೆಗೆ ಉಂಗುರಗಳನ್ನೆಣಿಸಿ, ಮರ ಕಡಿದದ್ದು ಸರಿಯಾಗಿ 1021ರಲ್ಲಿ ಎಂದು ವಿಜ್ಞಾನಿಗಳು 2021ರಲ್ಲಿ ಸಾರಿದರು. ಹಡಗು ಹೋದದ್ದು ನಿಜ, ಬಳ್ಳಿ ಇರುವುದೂ ನಿಜ. ಆ ಹಡಗಿನಲ್ಲಿಯೇ ಈ ಬಳ್ಳಿ ಬಂದಿತೆಂದು ನಾನು ಎರಡನ್ನೂ ಗಂಟು ಹಾಕಿಬಿಟ್ಟಿದ್ದೆ.

ಈ ಗಂಟನ್ನು ಬಿಚ್ಚಿ ನೋಡೋಣ. ಐಸ್‌ಲೆಂಡಿನವರ ಹಳೆಯ ಗದ್ಯಕಥನಗಳಾದ ಸಾಗಾಗಳಲ್ಲಿ ಈ ಯಾತ್ರೆಗಳ ವೃತ್ತಾಂತವಿದೆ. ‘ಕೆಂಪು ಎರಿಕನ ಸಾಗಾ’ದಲ್ಲಿ, ನಾವಿಕರು ಮಾರ್ಕ್‌ಲಂಡ್ ಎಂಬ ತೀರದಲ್ಲಿ ಐವರು ಸ್ಥಳೀಯರನ್ನು ಕಂಡರೆಂದು ಹೇಳಿದೆ. ಒಬ್ಬ ಗಡ್ಡದ ಗಂಡಸು, ಇಬ್ಬರು ಹೆಂಗಸರು, ಇಬ್ಬರು ಹುಡುಗರು. ದೊಡ್ಡವರೆಲ್ಲ ತಪ್ಪಿಸಿಕೊಂಡರು, ಸಿಕ್ಕಿದವರು ಹುಡುಗರಿಬ್ಬರೇ. ಅವರನ್ನು ಕರೆದೊಯ್ದು, ಭಾಷೆ ಕಲಿಸಿ, ಕ್ರೈಸ್ತದೀಕ್ಷೆ ಕೊಟ್ಟರಂತೆ. ಇದನ್ನು ಓದಿದಾಗ ನನಗೆ ನನ್ನ ಭಾಷಣ ನೆನಪಾಗಿ ನಾಚಿಕೆಯಾಯಿತು. ಆ ಹುಡುಗರು ಎಲ್ಲಿ ಬೆಳೆದು ಎಷ್ಟು ಮಕ್ಕಳನ್ನು ಪಡೆದಿದ್ದರೂ ಅವರ ತಾಯಿಬಳ್ಳಿ ಅವರಲ್ಲಿಯೇ ಮುಗಿಯಬೇಕು. ಬಳ್ಳಿಯನ್ನು ತರಬಲ್ಲವರು ಓಡಿಹೋದ ಆ ಇಬ್ಬರು ಹೆಂಗಸರಂಥವರು ಮಾತ್ರ!

ಎರಡನೆಯ ಮಾತು ಇನ್ನೂ ಮುಖ್ಯವಾದುದು. ಐಸ್‌ಲೆಂಡಿನ ಬಳ್ಳಿಯಲ್ಲಿ ಸಿ-1 ಕೊಂಬೆಯ ಗುರುತುಗಳಿದ್ದರೂ, ಅಮೆರಿಕದ ಮೂರು ಕವಲುಗಳ ಗುರುತುಗಳು ಅದರಲ್ಲಿಲ್ಲ; ಏಷ್ಯದ ಕವಲಿನ ಗುರುತೂ ಇಲ್ಲ. ಅದಕ್ಕೆ ತನ್ನವೇ ಆದ ಬೇರೆ ಗುರುತುಗಳಿವೆ. ಓಲೆಯ ಪ್ರತಿಗಳ ಮಾತಿನಲ್ಲಿ ಹೇಳುವುದಾದರೆ, ಇದು ತಿಳಿದಿರುವ ಪ್ರತಿಗಳ ನಕಲಲ್ಲ. ಅವೆಲ್ಲಕ್ಕೂ ಹಿಂದಿನ ಮಾತೃಪ್ರತಿಯಿಂದ ಬೇರೆ ದಾರಿಯಲ್ಲಿ ಇಳಿದುಬಂದದ್ದು. ಆದುದರಿಂದಲೇ ಇದಕ್ಕೆ ಸಿ-1-ಇ ಎಂಬ ಹೊಸ ಹೆಸರನ್ನಿಡಬೇಕಾಯಿತು. 2010ರ ಲೇಖನವನ್ನು ಬರೆದವರು ಅಮೆರಿಕದ ಮೂಲವೇ ಹೆಚ್ಚು ಸಂಭವನೀಯವೆಂದರು. ಆದರೆ ಏಷ್ಯ ಅಥವಾ ಯೂರೋಪಿನ ಮೂಲವನ್ನು ಅಲ್ಲಗಳೆಯಲಾಗದೆಂದೂ ಸ್ಪಷ್ಟವಾಗಿ ಬರೆದರು. ನಾನು ಮೊದಲ ಅರ್ಧವನ್ನು ಓದಿ ಎರಡನೆಯ ಅರ್ಧವನ್ನು ಬಿಟ್ಟಿದ್ದೆ.

ಎರಡನೆಯ ಅರ್ಧಕ್ಕೆ ಬಲ ಬಂದದ್ದು 2014ರಲ್ಲಿ. ರಷ್ಯದ ವಾಯವ್ಯದಲ್ಲಿ ಒನೆಗ ಎಂಬ ಸರೋವರವಿದೆ. ಅದರ ನಡುವಿನ ದ್ವೀಪವೊಂದರಲ್ಲಿ ಬೇಟೆಗಾರ ಜನರ ಪುರಾತನ ಸ್ಮಶಾನವುಂಟು. ಸುಮಾರು 7,500 ವರ್ಷಗಳಷ್ಟು ಹಿಂದಿನ ಅಲ್ಲಿನ ಅಸ್ಥಿಯಿಂದ ಮೈಟೊಕಾಂಡ್ರಿಯದ ಬರಹವನ್ನು ತೆಗೆದು ಓದಿದಾಗ, ಅದೂ ಸಿ-1 ಕೊಂಬೆಯದೇ ಆಗಿತ್ತು; ಆದರೆ ಮತ್ತೊಂದು ಹೊಸ ಕವಲು. ಅದನ್ನು ಸಿ-1-ಎಫ್ ಎಂದು ಕರೆದರು. ಇದು ಐಸ್‌ಲೆಂಡಿನ ಬಳ್ಳಿಗೆ ತಾಯಿಯಲ್ಲ, ಸೋದರಿಯಂತೆ. ಆದರೂ ಒಂದು ಮಾತು ಖಂಡಿತವಾಯಿತು. ಸಿ-1 ಕೊಂಬೆಯು ಏಷ್ಯ, ಅಮೆರಿಕಗಳಲ್ಲಿ ಮಾತ್ರವಲ್ಲದೆ ಯೂರೋಪಿನ ಉತ್ತರದ ಅಂಚಿನಲ್ಲಿಯೂ ಸಾವಿರಾರು ವರ್ಷಗಳ ಹಿಂದೆಯೇ ಇತ್ತು. ಹಾಗಾದರೆ ಅಮೆರಿಕದ ಕಡೆಯ ಹಡಗನ್ನು ಹತ್ತದೆಯೇ, ಉತ್ತರ ಯೂರೋಪಿನಿಂದ ಸ್ಕ್ಯಾಂಡಿನೇವಿಯದ ದಾರಿಯಾಗಿ ಈ ಬಳ್ಳಿ ಐಸ್‌ಲೆಂಡನ್ನು ಸೇರಿರಬಹುದು. ಎರಡು ದಾರಿಗಳೂ ತೆರೆದಿವೆ. ಐಸ್‌ಲೆಂಡಿನ ಕವಲಿನ ಗುರುತುಗಳೇ ಇರುವ ಹಳೆಯ ಅಸ್ಥಿಯೊಂದು ಅಮೆರಿಕದಲ್ಲೋ ಯೂರೋಪಿನಲ್ಲೋ ದೊರೆತರೆ ತೀರ್ಪು ಆ ಕಡೆಗೆ ವಾಲುತ್ತದೆ.

ಇಷ್ಟು ಅಪೂರ್ವವಾದ ಬಳ್ಳಿ ಅಳಿಯದೆ ಉಳಿದುದು ಹೇಗೆಂಬುದನ್ನೂ ಹೇಳಬೇಕು. ತಾಯಿಬಳ್ಳಿ ಕಡಿದುಹೋಗಲು ವಂಶವೇ ನಾಶವಾಗಬೇಕಾಗಿಲ್ಲ. ಹೆಣ್ಣುಮಕ್ಕಳು ಹುಟ್ಟದಿದ್ದರೆ ಸಾಕು. ಏಳು ಗಂಡುಮಕ್ಕಳನ್ನು ಹೆತ್ತವಳ ಮನೆ ತುಂಬಿರುತ್ತದೆ. ಅವಳ ಮೂಲಕ ಸಾಗಬೇಕಾಗಿದ್ದ ಬಳ್ಳಿ ಮಾತ್ರ ಆ ಮಕ್ಕಳೊಂದಿಗೆ ಮುಗಿಯುತ್ತದೆ. ಸಣ್ಣ ಜನಸಮುದಾಯದಲ್ಲಿ ಪ್ರತಿ ತಲೆಮಾರಿನಲ್ಲಿಯೂ ಹೀಗೆ ಕೆಲವು ಬಳ್ಳಿಗಳು ಕೇವಲ ಆಕಸ್ಮಿಕವಾಗಿ ಅಳಿಯುತ್ತವೆ, ಕೆಲವು ಹಬ್ಬುತ್ತವೆ. ಐಸ್‌ಲೆಂಡಿನಲ್ಲಂತೂ ವಿಪತ್ತುಗಳೂ ಸೇರಿಕೊಂಡವು. 1707ರಿಂದ 1709ರವರೆಗೆ ಹರಡಿದ ಸಿಡುಬಿನಿಂದ ಸುಮಾರು ಕಾಲುಭಾಗ ಜನ ಸತ್ತರು. 1783ರಲ್ಲಿ ಲಾಕಿ ಎಂಬಲ್ಲಿ ನೆಲ ಬಿರಿದು ಎಂಟು ತಿಂಗಳು ಲಾವಾರಸ ಹರಿಯಿತು. ವಿಷಾನಿಲದಿಂದ ಹುಲ್ಲು ಕೆಟ್ಟಿತು, ದನಕುರಿಗಳು ಸತ್ತವು, ಬರದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಜನ ಅಳಿದರು. ಲಾಕಿ ಇರುವುದು ವಾತ್ನಯೋಕುಲ್ ಹಿಮರಾಶಿಯ ಮಗ್ಗುಲಲ್ಲೇ! ಆ ಬೆಂಕಿಯ ಬಾಯಿಂದ ಈ ಬಳ್ಳಿ ಉಳಿದುಬಂತೆಂದರೆ, ಆ ದಿನಗಳಲ್ಲಿ ಯಾರೋ ಕೆಲವು ತಾಯಂದಿರು ತಮ್ಮ ಹೆಣ್ಣುಕೂಸುಗಳನ್ನು ಹೇಗೋ ಬದುಕಿಸಿಕೊಂಡರೆಂದೇ ಅರ್ಥ.

ಕೊನೆಗೊಂದು ಎಚ್ಚರಿಕೆ. ತಾಯಿಬಳ್ಳಿಯನ್ನು ಕಂಡು ಒಬ್ಬ ಮನುಷ್ಯನ ಜಾತಿ, ಕುಲಗಳನ್ನು ನಿರ್ಣಯಿಸಹೊರಡುವುದು ತಪ್ಪು. ತಲೆಮಾರಿಗೆ ಮೂವತ್ತು ವರ್ಷವೆಂದರೆ, ಮುನ್ನೂರು ವರ್ಷಗಳಲ್ಲಿ ಹತ್ತು ತಲೆಮಾರು. ಹತ್ತನೆಯ ತಲೆಮಾರಿನಲ್ಲಿ ನಮ್ಮ ಪೂರ್ವಿಕರ ಸ್ಥಾನಗಳು 1,024. ತಾಯಿಬಳ್ಳಿ ಹೇಳುವುದು ಅವರಲ್ಲಿ ಒಬ್ಬಳ ಮಾತನ್ನು ಮಾತ್ರ. ಉಳಿದ 1,023 ಜನರ ವಿಷಯದಲ್ಲಿ ಅದು ಮೌನ. ಸಿ-1-ಇ ಬಳ್ಳಿಯ ಐಸ್‌ಲೆಂಡಿನವನು ತನ್ನ ನೆರೆಮನೆಯವನಷ್ಟೇ ಐಸ್‌ಲೆಂಡಿನವನು.

ನನ್ನ ಅಧ್ಯಾಪಕರ ಪ್ರಶ್ನೆಗೆ ಈಗ ಉತ್ತರ ಕೊಡಬಲ್ಲೆ. ಒಬ್ಬ ಹೆಣ್ಣುಮಗಳು ದೂರದಿಂದ 1700ಕ್ಕೆ ಮೊದಲು ಐಸ್‌ಲೆಂಡಿಗೆ ಬಂದಳು, ಅವಳ ಹೆಣ್ಣುಮಕ್ಕಳ ಸಂತತಿ ಇಂದಿಗೂ ಇದೆ. ಇಷ್ಟನ್ನು ಜೀವಕೋಶವೂ ವಂಶಾವಳಿಯೂ ಸೇರಿ ಹೇಳುತ್ತವೆ. ಅವಳು ಅಮೆರಿಕದಿಂದಲೇ ಬಂದಳೆಂದು ಹೇಳಿದವನು ನಾನು. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ.