ವೈರು ಹುಡುಗನಿಗೆ, ಚಾರ್ಟು ಹುಡುಗಿಗೆ

ಕೈ ಹತ್ತಿರ ತಂದರೆ ತಾನಾಗಿ ಮುಚ್ಚಳ ತೆರೆಯುವ ಕಸದ ಬುಟ್ಟಿಯನ್ನು ಶಾಲೆಯ ವಿಜ್ಞಾನ ಮೇಳಗಳಲ್ಲಿ ನೋಡದವರು ಕಡಿಮೆ. ಕೋಡ್ ಓಡಿಸುವ ಒಂದು ಆರ್ಡುಯಿನೊ ಬೋರ್ಡ್, ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್, ಮುಚ್ಚಳ ಎತ್ತಲು ಪುಟ್ಟ ಸರ್ವೊ ಮೋಟಾರ್, ಒಂದಿಷ್ಟು ವೈರು, ಒಂದು ಪುಟದ ಕೋಡ್. ನಾಲ್ಕು ಮಕ್ಕಳಿಗೆ ಒಂದು ಕಿಟ್. ಬುಟ್ಟಿ ಬಾಯಿ ತೆರೆದರೆ ನಾಲ್ವರಿಗೂ ಸರ್ಟಿಫಿಕೇಟು. ಆದರೆ ಒಬ್ಬ ವೈರಿಂಗ್ ಕಲಿತಿರುತ್ತಾನೆ, ಇನ್ನೊಬ್ಬ ಕೋಡ್ ಕಲಿತಿರುತ್ತಾನೆ. ಹುಡುಗಿಯರಿಬ್ಬರು ಬುಟ್ಟಿಗೆ ಬಣ್ಣದ ಕಾಗದ ಅಂಟಿಸಿ, ಚಾರ್ಟ್ ಬರೆದು, ತೀರ್ಪುಗಾರರ ಮುಂದೆ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿರುತ್ತಾರೆ.

ಹುಡುಗಿಯರಿಗೆ ಯಂತ್ರ ಒಗ್ಗುವುದಿಲ್ಲ ಎನ್ನುವ ಮಾತು ಇಲ್ಲಿಂದಲೇ ಹುಟ್ಟುತ್ತದೆ. ಬುದ್ಧಿಯ ಅಂತರ ಎನ್ನೋಣವೆಂದರೆ ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶವೇ ಅಡ್ಡ ಬರುತ್ತದೆ: ಅಲ್ಲಿ ಹುಡುಗಿಯರದ್ದೇ ಮೇಲುಗೈ ಎಂಬುದು ಹಳೇ ಸುದ್ದಿ. ಅಮೆರಿಕದ ಮನೋವಿಜ್ಞಾನಿ ಜಾನೆಟ್ ಹೈಡ್ 2005ರಲ್ಲಿ ಹತ್ತಾರು ಸಂಶೋಧನಾ ಸಮೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ, ಗಂಡು ಹೆಣ್ಣಿನ ನಡುವಿನ ಬಹುತೇಕ ಮಾನಸಿಕ ವ್ಯತ್ಯಾಸಗಳು ತೀರ ಸಣ್ಣವು ಇಲ್ಲವೇ ಶೂನ್ಯಕ್ಕೆ ಹತ್ತಿರ ಎಂದೇ ಕಂಡಿತು. ಹಾಗಾದರೆ ಗುಂಪಿನೊಳಗೆ ಆಗುವುದೇನು?

ಮೊದಲನೆಯದು ಮನೆಯಿಂದ ತಂದ ಅನುಭವ. ಅಪ್ಪ ಬೈಕ್ ಬಿಚ್ಚುವಾಗ ಸ್ಪ್ಯಾನರ್ ಕೊಟ್ಟವನು ಮಗ; ಫ್ಯೂಸ್ ಹೋದಾಗ ಟಾರ್ಚ್ ಹಿಡಿದವನೂ ಅವನೇ. ಎರಡನೆಯದು ಗಡುವು. ಮೇಳ ನಾಳಿದ್ದು ಎಂದಾಗ "ಕೊಡೇ ಇಲ್ಲಿ, ನಾನು ಬೇಗ ಮಾಡ್ತೀನಿ" ಎನ್ನುವವನ ಕೈಗೆ ಕಿಟ್ ಹೋಗುತ್ತದೆ, ಅಕ್ಷರ ಚೆನ್ನಾಗಿರುವವಳ ಕೈಗೆ ಸ್ಕೆಚ್ ಪೆನ್ ಬರುತ್ತದೆ. ಇದರಲ್ಲಿ ಯಾರದ್ದೂ ಕೆಟ್ಟ ಉದ್ದೇಶವಿಲ್ಲ. ಕೆಲಸ ಬೇಗ ಮುಗಿಸಲು ಇದು ಒಳ್ಳೆಯ ದಾರಿಯೇ, ಕಲಿಯಲು ಅಲ್ಲ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಭೌತವಿಜ್ಞಾನದ ಲ್ಯಾಬ್‌ಗಳನ್ನು ಕುರಿತು 2020ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಇನ್ನೊಂದು ತಿರುವು ಕೊಡುತ್ತದೆ. ಹೀಗೆ ಮಾಡಿ, ಹಾಗೆ ಮಾಡಿ ಎಂದು ಎಲ್ಲವನ್ನೂ ಬರೆದುಕೊಟ್ಟ ಹಳೆಯ ಶೈಲಿಯ ಲ್ಯಾಬಿನಲ್ಲಿ ಹುಡುಗ ಹುಡುಗಿಯರ ಪಾತ್ರ ಬೇರೆಯಾಗಿರಲಿಲ್ಲ. ನಿಮ್ಮ ಪ್ರಯೋಗ ನೀವೇ ರೂಪಿಸಿ ಎಂದು ಸ್ವಾತಂತ್ರ್ಯ ಕೊಟ್ಟ ಲ್ಯಾಬಿನಲ್ಲೇ, ಯಾರೂ ಹೇಳದೆ, ಪಾತ್ರಗಳು ಹಂಚಿಹೋಗಿದ್ದವು. ಮಕ್ಕಳು ತಾವೇ ಬಿಚ್ಚಿ ಜೋಡಿಸಿ ಕಲಿಯುವ ಟಿಂಕರಿಂಗ್ ಲ್ಯಾಬಿನ ಜೀವಾಳವೇ ಸ್ವಾತಂತ್ರ್ಯ ಎಂದು ನಂಬಿರುವವರು ಇದನ್ನು ಎರಡು ಸಲ ಓದಬೇಕು.

ಈ ಹಂಚಿಕೆಯಿಂದ ನಷ್ಟವಾಗುವುದು ಮುಖ್ಯವಾಗಿ ಒಂದು ಕಡೆ: ಯಂತ್ರ ಕೈಕೊಟ್ಟಾಗ. ಮುಚ್ಚಳ ತೆರೆಯುತ್ತಿಲ್ಲ, ಏಕೆ? ಸೆನ್ಸರಿನ ಟ್ರಿಗ್ ಮತ್ತು ಎಕೊ ವೈರುಗಳು ಅದಲುಬದಲಾಗಿರಬಹುದು. ಗ್ರೌಂಡ್ ಎಲ್ಲಕ್ಕೂ ಸೇರಿಲ್ಲದಿರಬಹುದು. ಯುಎಸ್‌ಬಿಯಿಂದ ಬರುವ ಕರೆಂಟ್ ಸಾಲದೆ ಸರ್ವೊ ನಡುಗುತ್ತಿರಬಹುದು. ಒಂದೊಂದಾಗಿ ಅನುಮಾನಿಸಿ, ಬಿಚ್ಚಿ, ಮತ್ತೆ ಜೋಡಿಸುವ ಆ ಅರ್ಧ ಗಂಟೆಯೇ ನಿಜವಾದ ಪಾಠ. ತಪ್ಪು ವೈರಿನಲ್ಲಿತ್ತು, ತನ್ನ ತಲೆಯಲ್ಲಲ್ಲ ಎಂಬುದು ತಿಳಿಯುವುದೂ ಆಗಲೇ. ಚಾರ್ಟ್ ಬರೆಯುತ್ತಿದ್ದವಳಿಗೆ ಅದು ಸಿಗುವುದಿಲ್ಲ. ಅವಳಿಗೆ ಕಾಣುವುದು ಮೊದಲು ಕೆಟ್ಟ ಯಂತ್ರ, ಆಮೇಲೆ ಅವನು ಸರಿ ಮಾಡಿದ ಯಂತ್ರ.

ಕೈಗೆ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೂ ಪುರಾವೆ ಇದೆ. ಅಮೆರಿಕದಲ್ಲಿ ಆರು ವರ್ಷದ ಮಕ್ಕಳಿಗೆ ರೋಬೊ ಪ್ರೋಗ್ರಾಂ ಮಾಡಲು ಸ್ವಲ್ಪ ಹೊತ್ತು ಅವಕಾಶ ಕೊಟ್ಟ, 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಅವಕಾಶ ಸಿಕ್ಕ ಹುಡುಗಿಯರ ಆಸಕ್ತಿ ಮತ್ತು ಆತ್ಮವಿಶ್ವಾಸ ಸಿಗದ ಹುಡುಗಿಯರಿಗಿಂತ ಹೆಚ್ಚಿತ್ತು. ಕ್ಯಾಲಿಫೋರ್ನಿಯಾದ ಹಾರ್ವಿ ಮಡ್ ಕಾಲೇಜು ಕಂಪ್ಯೂಟರ್ ವಿಜ್ಞಾನದ ಮೊದಲ ಕೋರ್ಸಿನಲ್ಲಿ ಮೊದಲೇ ಪ್ರೋಗ್ರಾಮಿಂಗ್ ಗೊತ್ತಿದ್ದವರನ್ನೂ ಹೊಸಬರನ್ನೂ ಬೇರೆ ಬೇರೆ ಕೂರಿಸಿತು. ಜೊತೆಗೆ ಇನ್ನೂ ಕೆಲವು ಬದಲಾವಣೆ ತಂದಿತು. ಆ ವಿಭಾಗದಲ್ಲಿ ಶೇಕಡಾ 10ರ ಆಸುಪಾಸಿನಲ್ಲಿದ್ದ ಹುಡುಗಿಯರ ಪಾಲು ಕೆಲವೇ ವರ್ಷಗಳಲ್ಲಿ 40ರ ಹತ್ತಿರಕ್ಕೆ ಏರಿತು. ವಿಂಗಡಣೆ ಅನುಭವದ ಮೇಲೆ ಆದದ್ದು, ಲಿಂಗದ ಮೇಲಲ್ಲ ಎಂಬುದನ್ನು ಗಮನಿಸಿ.

ನಮ್ಮ ಶಾಲೆಯಲ್ಲಿ ಶುರು ಮಾಡುವುದು ಕಷ್ಟವಲ್ಲ. ಸಾಧ್ಯವಿದ್ದಲ್ಲಿ ಇಬ್ಬರಿಗೊಂದು ಕಿಟ್ ಕೊಡಿ. ಇಲ್ಲದಿದ್ದರೆ ಕಾಲು ಗಂಟೆಗೊಮ್ಮೆ ಕೆಲಸ ಬದಲಾಗಲಿ: ವೈರಿಂಗ್ ಮಾಡುತ್ತಿದ್ದವರು ಕೋಡಿಗೆ, ಕೋಡಿನವರು ದಾಖಲೆಗೆ. ಚಾರ್ಟ್ ಎಂಬ ಪ್ರತ್ಯೇಕ ಹುದ್ದೆ ಬೇಡ, ಕೊನೆಯಲ್ಲಿ ಎಲ್ಲರೂ ಸೇರಿ ಬರೆಯಲಿ. ಹುಡುಗಿಯೊಬ್ಬಳು ತಡವರಿಸಿದಾಗ ಮೇಷ್ಟ್ರು ಬೋರ್ಡನ್ನು ತಮ್ಮತ್ತ ಎಳೆದುಕೊಂಡು ಜೋಡಿಸಿಕೊಡಬಾರದು. ಕೈ ಹಿಂದೆ ಕಟ್ಟಿಕೊಂಡು "ಮೊದಲು ಯಾವ ವೈರ್ ಮೇಲೆ ಅನುಮಾನ?" ಎಂದು ಕೇಳಬೇಕು. ಹೆಣ್ಣುಮಕ್ಕಳದ್ದೇ ಶಾಲೆಯಾದರೂ ಈ ನಿಯಮ ಬೇಕು. ಅಲ್ಲೂ ಧೈರ್ಯವಂತೆಯೊಬ್ಬಳು ಕಿಟ್ ಹಿಡಿದು ಕೂರಬಹುದು.

ವಿಷಯದ ಆಯ್ಕೆಯಲ್ಲಿ ಒಂದು ಹೊಂಡ ಇದೆ. ಬಟ್ಟೆಗೆ ಹೊಲಿಯಬಹುದಾದ ಲಿಲಿಪ್ಯಾಡ್ ಎಂಬ ಆರ್ಡುಯಿನೊ ಬೋರ್ಡನ್ನು ಲೀಯ ಬ್ಯೂಕ್ಲಿ ರೂಪಿಸಿದರು, ಅದು ಬಹಳ ಮಹಿಳೆಯರನ್ನು ಎಲೆಕ್ಟ್ರಾನಿಕ್ಸಿನತ್ತ ಸೆಳೆಯಿತು. ಹಾಗೆಂದು ಹುಡುಗಿಯರಿಗೆ ಹೊಲಿಗೆ, ಹುಡುಗರಿಗೆ ರೋಬೊ ಎಂದು ಹಂಚಿದರೆ ಹಳೆಯ ಚಾರ್ಟ್ ಕೆಲಸವೇ ಬ್ಯಾಟರಿ ಹಾಕಿಕೊಂಡು ವಾಪಸ್ ಬರುತ್ತದೆ. ಎರಡೂ ಮೇಜಿನ ಮೇಲಿರಲಿ, ಯಾರು ಯಾವುದನ್ನಾದರೂ ಎತ್ತಿಕೊಳ್ಳಲಿ.

ಇಷ್ಟೆಲ್ಲ ಮಾಡಿಯೂ ಅಂಕ ಕೊಡುವುದು ಬುಟ್ಟಿ ತೆರೆಯಿತೇ ಎಂಬುದಕ್ಕಾದರೆ ಗುಂಪು ಮತ್ತೆ ಹಳೇ ಚಾಳಿಗೆ ಮರಳುತ್ತದೆ. ಹಾಗಾಗಿ ಅರ್ಧದಷ್ಟು ಅಂಕವನ್ನು ಬೇರೆ ಇಡಿ. ಮಾದರಿ ಸಿದ್ಧವಾದ ಮೇಲೆ ಮೇಷ್ಟ್ರು ಎರಡು ವೈರು ಕಿತ್ತು, ಗುಂಪಿನ ಒಬ್ಬೊಬ್ಬರನ್ನೂ ಬೇರೆಯಾಗಿ ಕರೆದು ಸರಿಪಡಿಸಲು ಹೇಳಲಿ. ಈ ಪರೀಕ್ಷೆ ಇದೆ ಎಂದು ಮೊದಲ ದಿನವೇ ತಿಳಿಸಿದರೆ, ವೈರಿಂಗ್ ಬಲ್ಲವನೇ ಉಳಿದ ಮೂವರಿಗೂ ಹೇಳಿಕೊಡಲು ಕೂರುತ್ತಾನೆ.